ಮೊದಲು ಕೇಳಿ, ಆಮೇಲೆ ಕೊಡಿ: ಅಕ್ಕಪಕ್ಕದ ಮನೆಗಳ ನಡುವೆ ಎರವಲು ಶುರು ಮಾಡುವ ಬಗೆ

ಸಂಕ್ರಾಂತಿಗೆ ಹದಿನೈದು ದಿನ ಇದೆ ಅನ್ನುವಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ವರ್ಷ ಒಂದು ಪ್ರಶ್ನೆ ಬರುತ್ತದೆ. ‘ಸಕ್ಕರೆ ಅಚ್ಚು ಮಾಡೋ ಮರದ ಅಚ್ಚು ಯಾರ ಹತ್ರ ಇದೆ?’ ಇಪ್ಪತ್ತನಾಲ್ಕು ಮನೆಗಳಲ್ಲಿ ಅಚ್ಚು ಇರುವುದು ಎರಡು ಮನೆಯಲ್ಲಿ ಮಾತ್ರ. ಆ ಎರಡೇ ಸೆಟ್ ಹದಿನೈದು ದಿನ ಮಹಡಿಯಿಂದ ಮಹಡಿಗೆ ಓಡಾಡುತ್ತವೆ. ಒಬ್ಬರು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಪಾಕ ಹೊಯ್ದರೆ, ಮಾರನೇ ದಿನ ಇನ್ನೊಬ್ಬರು. ವಾಪಸ್ ಬರುವಾಗ ಜೊತೆಗೆ ಒಂದು ತಟ್ಟೆ ಸಕ್ಕರೆ ಅಚ್ಚೂ ಬರುತ್ತದೆ. ಯಾರೂ ಲೆಕ್ಕ ಕೇಳಿಲ್ಲ, ಯಾರಿಗೂ ಬೇಜಾರಾಗಿಲ್ಲ.

ಅದೇ ಕಟ್ಟಡದಲ್ಲಿ ಡ್ರಿಲ್ ಮೆಷಿನ್ ಎಷ್ಟಿವೆ ಎಂದು ಒಮ್ಮೆ ಸುಮ್ನೆ ಎಣಿಸಿದೆವು. ಹನ್ನೊಂದು! ಗೋಡೆ ಗಡಿಯಾರಕ್ಕೆ ಒಂದು ತೂತು, ಪರದೆ ರಾಡಿಗೆ ನಾಲ್ಕು ತೂತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಆಮೇಲೆ ಅಟ್ಟದ ಮೇಲೆ ನಿದ್ದೆ.

ಮರದ ಅಚ್ಚು ಓಡಾಡುತ್ತದೆ, ಡ್ರಿಲ್ ಓಡಾಡುವುದಿಲ್ಲ. ಯಾಕೆ? ಡ್ರಿಲ್ ಇದ್ದವರು ಜಿಪುಣರು ಅಂತಲ್ಲ. ಅಚ್ಚು ಕೇಳುವುದು ಹಬ್ಬದ ರೂಢಿ. ಡ್ರಿಲ್ ಕೇಳಿದರೆ ‘ಇವರ ಹತ್ರ ಇಷ್ಟೂ ಇಲ್ವಾ’ ಅಂದುಕೊಳ್ಳುತ್ತಾರೇನೋ ಎಂಬ ಸಂಕೋಚ. ಕೊಡುವವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ, ಕೇಳುವವರೇ ಕಡಿಮೆ. ಹಾಗಾಗಿ ಈ ಮಾರ್ಗದರ್ಶಿ ಕೇಳುವುದರಿಂದಲೇ ಶುರುವಾಗುತ್ತದೆ.

ಹೆಜ್ಜೆ 1: ಈ ವಾರ ಒಂದು ವಸ್ತು ಎರವಲು ತನ್ನಿ

‘ನಮ್ಮ ಮನೆಯಲ್ಲಿ ಏಣಿ ಇದೆ, ಯಾರಿಗೆ ಬೇಕಾದರೂ ಕೊಡ್ತೀವಿ’ ಎಂದು ಗುಂಪಿನಲ್ಲಿ ಹಾಕಿ ನೋಡಿ. ಹತ್ತು ಜನ ಕೈ ಮುಗಿಯುವ ಚಿಹ್ನೆ ಕಳಿಸುತ್ತಾರೆ. ಏಣಿ ಕೇಳಿಕೊಂಡು ಒಬ್ಬರೂ ಬರುವುದಿಲ್ಲ. ನಾನು ಹೀಗೆ ಹಾಕಿ ಎಂಟು ತಿಂಗಳು ಕಾದಿದ್ದೇನೆ.

ಅದರ ಬದಲು ನೀವೇ ಹೋಗಿ ಏನಾದರೂ ಕೇಳಿ. ನಿಜವಾಗಿ ಬೇಕಾದದ್ದನ್ನೇ ಕೇಳಿ, ನಾಟಕ ಬೇಡ. ನೆಂಟರು ಬಂದಾಗ ದೊಡ್ಡ ಇಡ್ಲಿ ಪಾತ್ರೆ, ಮಗುವಿನ ಸೈಕಲ್ಲಿಗೆ ಗಾಳಿ ಪಂಪು, ಊರಿಗೆ ಹೊರಟಾಗ ದೊಡ್ಡ ಸೂಟ್‌ಕೇಸು, ಯಾವುದಾದರೂ ಸರಿ. ನೀವು ಒಮ್ಮೆ ತಂದಿರೆಂದರೆ ಆ ಮನೆಯವರಿಗೂ ನಿಮ್ಮನ್ನು ಕೇಳುವ ಧೈರ್ಯ ಬರುತ್ತದೆ. ಬಾಗಿಲು ತೆರೆಯುವುದು ಹೀಗೆ.

ಕೇಳುವಾಗ ನಾಲ್ಕು ವಿಷಯ ಹೇಳಿಬಿಡಿ: ಏನು, ಯಾಕೆ, ಎಷ್ಟು ಹೊತ್ತಿಗೆ, ವಾಪಸ್ ಯಾರು ತರುತ್ತಾರೆ. ಉದಾಹರಣೆಗೆ: ‘ಅಂಕಲ್, ನಾಳೆ ಬೆಳಿಗ್ಗೆ ಪುಸ್ತಕದ ಶೆಲ್ಫ್ ಹಾಕಬೇಕು. ಡ್ರಿಲ್ ಮೆಷಿನ್ ಎರಡು ಗಂಟೆ ಬೇಕಿತ್ತು. ಬಿಟ್ ನನ್ನ ಹತ್ರ ಇದೆ. ಮಧ್ಯಾಹ್ನ ಊಟದೊಳಗೆ ನಾನೇ ತಂದು ಕೊಡ್ತೀನಿ.’ ಇಷ್ಟು ಕೇಳಿದ ಮೇಲೆ ಇಲ್ಲ ಅನ್ನುವವರು ಕಡಿಮೆ. ‘ಡ್ರಿಲ್ ಇದ್ಯಾ?’ ಎಂದಷ್ಟೇ ಕೇಳಿದರೆ ಎದುರಿನವರ ತಲೆಯಲ್ಲಿ ಹತ್ತು ಪ್ರಶ್ನೆ ಏಳುತ್ತವೆ. ಹತ್ತಕ್ಕೂ ಉತ್ತರ ಹುಡುಕುವ ಬದಲು ‘ಇಲ್ಲ’ ಅನ್ನುವುದೇ ಸುಲಭ, ಅಲ್ವಾ?

ಹೆಜ್ಜೆ 2: ಪಟ್ಟಿ ಮಾಡಿ, ಕಪಾಟು ಆಮೇಲೆ

ಉತ್ಸಾಹದಲ್ಲಿ ಎಲ್ಲರೂ ಮೊದಲು ಮಾಡುವ ತಪ್ಪು ಇದೇ: ಕ್ಲಬ್ ರೂಮಿನಲ್ಲೋ ಮೆಟ್ಟಿಲ ಕೆಳಗೋ ಒಂದು ಕಪಾಟು ತಂದು ನಿಲ್ಲಿಸುವುದು. ಮೂರು ತಿಂಗಳಲ್ಲಿ ಅದು ಗುಜರಿ ಅಂಗಡಿ. ಮುರಿದ ಟೇಬಲ್ ಫ್ಯಾನು, ಒಂದೇ ಕಾಲಿನ ಸ್ಕೇಟು, ಯಾರಿಗೂ ಬೇಡದ ಡಿನ್ನರ್ ಸೆಟ್ಟಿನ ಅರ್ಧ ಭಾಗ.

ವಸ್ತು ಅವರವರ ಮನೆಯಲ್ಲೇ ಇರಲಿ. ಪಟ್ಟಿ ಮಾತ್ರ ಎಲ್ಲರ ಕೈಯಲ್ಲಿರಲಿ. ಒಂದು ಭಾನುವಾರ ಯಾರಾದರೂ ಇಬ್ಬರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರೆ ಸಾಕು. ಫಾರಂ ಕಳಿಸಿದರೆ ಯಾರೂ ತುಂಬುವುದಿಲ್ಲ. ಬಾಗಿಲಲ್ಲಿ ನಿಂತು ಮಾತಾಡಿದರೆ ಕಾಫಿಯೂ ಸಿಗುತ್ತದೆ, ಪಟ್ಟಿಯೂ ಸಿಗುತ್ತದೆ.

‘ನಿಮ್ಮ ಹತ್ರ ಏನಿದೆ’ ಎಂದು ಕೇಳಿದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಹೀಗೆ ಕೇಳಿ:

- ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊರಗೆ ಬರುವುದು ಯಾವುದು? (ಚಕ್ಕುಲಿ ಒರಳು, ಶಾವಿಗೆ ಒರಳು, ದಸರಾ ಗೊಂಬೆ ಕೂರಿಸುವ ಮೆಟ್ಟಿಲು, ಮಡಚುವ ಟೆಂಟು)
- ಜನ ಜಾಸ್ತಿ ಬಂದಾಗ ಅಟ್ಟದಿಂದ ಇಳಿಸುವುದು ಯಾವುದು? (ದೊಡ್ಡ ತಪ್ಪಲೆ, ಬಡಿಸುವ ಬಕೆಟ್ಟು, ಜಮಖಾನ, ಮಡಚುವ ಕುರ್ಚಿ)
- ಮಗು ದೊಡ್ಡದಾಗಿ ಮೂಲೆ ಸೇರಿದ್ದು ಯಾವುದು? (ತೊಟ್ಟಿಲು, ಕಾರ್ ಸೀಟು, ಚಿಕ್ಕ ಸೈಕಲ್ಲು)
- ಕಾಯಿಲೆಯ ಸಮಯಕ್ಕೆ ಕೊಂಡು ಈಗ ಸುಮ್ಮನೆ ಇರುವುದು ಯಾವುದು?

ಕೊನೆಯ ಪ್ರಶ್ನೆಯನ್ನು ಸ್ವಲ್ಪ ಮೆತ್ತಗೆ ಕೇಳಿ. ಕೆಲವು ಮನೆಗಳಲ್ಲಿ ಅದರ ಹಿಂದೆ ಒಂದು ಸಾವು ಇರುತ್ತದೆ.

ಪುಸ್ತಕಗಳನ್ನು ಈ ಪಟ್ಟಿಗೆ ಸೇರಿಸುವುದು ನನಗೆ ಅಷ್ಟು ಇಷ್ಟವಿಲ್ಲ. ಅದಕ್ಕೆ ನಮ್ಮಲ್ಲಿ ಆಗಲೇ ಒಂದು ಏರ್ಪಾಡು ಇದೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ, ಅದರಲ್ಲೇ ಇರುತ್ತದೆ. ದುಡ್ಡು ಕೊಟ್ಟಾಗಿದೆ, ಹೋಗಿ ಸದಸ್ಯರಾಗಿ ಪುಸ್ತಕ ತನ್ನಿ. ಅಮೆರಿಕದ ಬರ್ಕ್ಲಿ ಊರಿನ ಸಾರ್ವಜನಿಕ ಗ್ರಂಥಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1979ರಿಂದ ಸುತ್ತಿಗೆ, ಗರಗಸ, ಡ್ರಿಲ್ಲುಗಳನ್ನೂ ಪುಸ್ತಕದ ಹಾಗೆ ವಾಪಸಿನ ತಾರೀಖು ಹಾಕಿ ಮನೆಗೆ ಕೊಡುತ್ತಿದೆ. ಅಲ್ಲಿಂದ ನಾವು ಕಲಿಯಬೇಕಾದದ್ದು ಆ ತಾರೀಖು.

ಹೆಜ್ಜೆ 3: ನೋಟ್‌ಬುಕ್ಕಿನಲ್ಲಿ ಬರೆಯಿರಿ, ನಾಚಿಕೆ ಬೇಡ

‘ಅಯ್ಯೋ, ನಮ್ಮ ನಮ್ಮಲ್ಲಿ ಬರೆಯೋದೇನು’ ಅನ್ನುವವರು ಇದ್ದೇ ಇರುತ್ತಾರೆ. ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಇಂಥವರ ಮನೆಯಲ್ಲೇ ಇರಬೇಕು.

ನಮ್ಮ ಹಿರಿಯರು ಬರೆಯುತ್ತಿದ್ದರು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಟ್ಟ ಪುಸ್ತಕ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇವತ್ತಿಗೂ ಇದೆ. ಅವರ ಮನೆ ಮದುವೆಗೆ ಹೊರಡುವ ಮುಂಚೆ ಆ ಪುಸ್ತಕ ತೆಗೆದು ನೋಡುತ್ತಿದ್ದರು. ನನ್ನೂರು ಸಾಗರದ ಕಡೆ. ಆಳಿಗೆ ಆಳು ಕೊಡುವ ಲೆಕ್ಕಕ್ಕೆ ಅಲ್ಲಿ ಮುರಿಯಾಳು ಅನ್ನುತ್ತಾರೆ, ಬಯಲುಸೀಮೆಯಲ್ಲಿ ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನೆಟ್ಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರು ಮೆಟ್ಟುಗತ್ತಿ ಹಿಡಿದು ಬಂದು ಅಂಗಳದಲ್ಲಿ ಕೂರುತ್ತಿದ್ದರು. ಮಾತು, ನಗು, ಕಥೆ ಎಲ್ಲ ನಡೆಯುತ್ತಿತ್ತು. ಆದರೆ ಯಾರ ಮನೆಯಿಂದ ಎಷ್ಟು ಆಳು ಬಂದಿತ್ತು ಎಂಬುದು ಅಜ್ಜಿಯ ಬಾಯಲ್ಲೇ ಇತ್ತು. ಲೆಕ್ಕ ಇಟ್ಟರೆ ಪ್ರೀತಿ ಕಡಿಮೆಯಾಗುತ್ತದೆ ಎಂದು ಅವರ್ಯಾರೂ ಅಂದುಕೊಂಡಿರಲಿಲ್ಲ.

ನಮ್ಮದು ನೂರು ಪುಟದ ಒಂದು ನೋಟ್‌ಬುಕ್. ಸೆಕ್ಯೂರಿಟಿ ಟೇಬಲ್ಲಿನ ಡ್ರಾಯರಿನಲ್ಲಿ ಇರುತ್ತದೆ. ಒಂದು ಸಾಲು ಹೀಗಿರುತ್ತದೆ:

‘ಜನವರಿ 8. ಸಕ್ಕರೆ ಅಚ್ಚು, 12 ಜೋಡಿ, ಡಬ್ಬದ ಸಮೇತ. 302ರಿಂದ 104ಕ್ಕೆ. ವಾಪಸ್ 10ಕ್ಕೆ.’

‘12 ಜೋಡಿ’ ಎಂಬ ಮಾತಿಗೆ ಒಂದು ಕಥೆ ಇದೆ. ಮರದ ಅಚ್ಚಿಗೆ ಎರಡು ಹೋಳು ಇರುತ್ತವೆ. ಎರಡನ್ನೂ ಜೋಡಿಸಿ ದಾರದಲ್ಲೋ ರಬ್ಬರ್ ಬ್ಯಾಂಡಿನಲ್ಲೋ ಬಿಗಿದು ಪಾಕ ಹೊಯ್ಯಬೇಕು. ಮೊದಲ ವರ್ಷ ಎರಡು ಮನೆಯ ಅಚ್ಚೂ ಒಂದೇ ಬಕೆಟ್ಟಿನಲ್ಲಿ ನೆನೆದವು. ಹೋಳುಗಳು ಅದಲುಬದಲಾದವು. ಗಿಳಿಯ ಒಂದು ಹೋಳಿಗೆ ಇನ್ನೊಂದು ಗಿಳಿಯ ಹೋಳು ಕೂರುವುದಿಲ್ಲ. ಸಂದಿಯಲ್ಲಿ ಪಾಕ ಸೋರಿ ಕಟ್ಟೆಯೆಲ್ಲ ಅಂಟು. ಆಮೇಲೆ 302ರ ಅಜ್ಜಿ ಪ್ರತಿ ಜೋಡಿಯ ಬೆನ್ನಿಗೆ ಚಾಕುವಿನಲ್ಲಿ ಗೀರು ಹಾಕಿದರು. ಒಂದು ಗೀರಿಗೆ ಒಂದು ಗೀರು, ಎರಡಕ್ಕೆ ಎರಡು. ಸೋಪು ಹಾಕಬೇಡಿ, ನೆರಳಲ್ಲಿ ಒಣಗಿಸಿ ಎಂದು ಡಬ್ಬದ ಮುಚ್ಚಳದ ಒಳಗೆ ಬರೆದು ಅಂಟಿಸಿದರು.

ಯಾವ ವಸ್ತುವಾದರೂ ಹೀಗೇ ಮಾಡಿ. ಎಷ್ಟು ತುಂಡು, ಹೇಗೆ ತೊಳೆಯಬೇಕು, ಯಾವುದು ಕೈಕೊಡುತ್ತದೆ ಎಂಬುದನ್ನು ವಸ್ತುವಿನ ಮೇಲೆಯೇ ಬರೆಯಿರಿ. ಚಕ್ಕುಲಿ ಒರಳಿನ ಬಿಲ್ಲೆಗಳನ್ನು ಎಣಿಸಿ ಚೀಲಕ್ಕೆ ಹಾಕಿ. ಡ್ರಿಲ್ಲಿನ ಜೊತೆ ಚಕ್ ಕೀ (ಬಿಟ್ ಬಿಗಿಯುವ ಕೀಲಿ) ಇದೆಯಾ ನೋಡಿ. ಅದು ಕಳೆದರೆ ಮೆಷಿನ್ ಇದ್ದೂ ಇಲ್ಲದ ಹಾಗೆ.

ಹೆಜ್ಜೆ 4: ಮುರಿದರೆ ಏನು ಎಂಬುದನ್ನು ಮುರಿಯುವ ಮುಂಚೆಯೇ ಮಾತಾಡಿ

ಇಲ್ಲಿ ನನ್ನದೇ ತಪ್ಪು ಹೇಳಬೇಕು. ಕೆಳಗಿನ ಮನೆ ಅಂಕಲ್ ಹತ್ತಿರ ಡ್ರಿಲ್ ತಂದು ಕಾಂಕ್ರೀಟ್ ಕಂಬಕ್ಕೆ ತೂತು ಹಾಕಲು ಹೋದೆ. ಕುಟ್ಟುತ್ತಾ ಕೊರೆಯುವ ಹ್ಯಾಮರ್ ಮೋಡ್‌ಗೆ ಹಾಕಬೇಕು ಎಂಬುದು ಗೊತ್ತಿರಲಿಲ್ಲ. ಹತ್ತು ನಿಮಿಷ ಒತ್ತಿ ಹಿಡಿದೆ. ಸುಟ್ಟ ವಾಸನೆ ಬಂತು, ಒಳಗೆ ಕಿಡಿ ಕಂಡಿತು. ಒರೆಸಿ, ಪೆಟ್ಟಿಗೆಗೆ ಹಾಕಿ, ಥ್ಯಾಂಕ್ಸ್ ಹೇಳಿ ಕೊಟ್ಟು ಬಂದೆ. ಏನೂ ಹೇಳಲಿಲ್ಲ.

ಎರಡು ದಿನ ಲಿಫ್ಟಿನಲ್ಲಿ ಅವರ ಮುಖ ನೋಡಲಾಗದೆ ಮೆಟ್ಟಿಲು ಹತ್ತಿದೆ. ಮೂರನೇ ದಿನ ಹೋಗಿ ಹೇಳಿದೆ. ಅವರು ನಕ್ಕು, ‘ಕಾರ್ಬನ್ ಬ್ರಶ್ ಹೋಗಿರಬೇಕು, ಬನ್ನಿ ನೋಡೋಣ’ ಅಂದರು. ಮೋಟಾರಿನೊಳಗಿನ ಆ ಚಿಕ್ಕ ಬ್ರಶ್ಶಿಗೆ ಆದ ಖರ್ಚು ನೂರೈವತ್ತು ರೂಪಾಯಿ. ಅದಕ್ಕಾಗಿ ನಾನು ಎರಡು ದಿನ ನಾಲ್ಕು ಮಹಡಿ ಹತ್ತಿದ್ದೆ.

ಈಗ ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಸಾಲು ಇವೆ. ಕೆಟ್ಟರೆ ಅದೇ ದಿನ ಹೇಳಬೇಕು. ರಿಪೇರಿ ಆಗುವಂತಿದ್ದರೆ ತಂದವರು ಮಾಡಿಸಿ ಕೊಡಬೇಕು. ಹಳೇ ವಸ್ತು ತನ್ನಷ್ಟಕ್ಕೆ ಸವೆದು ಹೋಗಿದ್ದರೆ ಇಬ್ಬರೂ ಅರ್ಧ ಅರ್ಧ.

ಇದನ್ನು ಬರೆದಾದ ಮೇಲೆ ನಮ್ಮಲ್ಲಿರುವ ವಕೀಲರೊಬ್ಬರು ಹೇಳಿದ್ದು ಕೇಳಿ ಆಶ್ಚರ್ಯವಾಯಿತು. 1872ರ ಭಾರತೀಯ ಕರಾರು ಕಾಯ್ದೆಯಲ್ಲೇ ಇದಕ್ಕೆ ಕಲಂಗಳಿವೆಯಂತೆ. ತೆರೆದು ನೋಡಿದೆ, ಇವೆ. ಕೊಡುವವರು ತಮಗೆ ಗೊತ್ತಿರುವ ದೋಷವನ್ನು ಮುಂಚೆಯೇ ಹೇಳಬೇಕು ಎನ್ನುತ್ತದೆ 150ನೇ ಕಲಂ. ತಂದವರು ತಮ್ಮದೇ ವಸ್ತುವನ್ನು ಬುದ್ಧಿ ಇರುವ ಮನುಷ್ಯ ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು ಎನ್ನುತ್ತದೆ 151. ಹಾಗೆ ನೋಡಿಕೊಂಡೂ ಹಾಳಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರ ಮೇಲೆ ಹೊಣೆ ಇಲ್ಲ. ಏಣಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತದೆ ಎಂಬುದು ನಿಮಗೆ ಗೊತ್ತಿದ್ದರೆ ಕೊಡುವಾಗಲೇ ಹೇಳಿ. ಇದು ಬರೀ ಒಳ್ಳೆಯತನದ ಮಾತಲ್ಲ, ಕಾನೂನು.

ಹೆಜ್ಜೆ 5: ತಟ್ಟೆ ಲೋಟವನ್ನು ಮಾತ್ರ ಎಲ್ಲರೂ ಸೇರಿ ಕೊಳ್ಳಿ

ಹೊಸದಾಗಿ ದುಡ್ಡು ಹಾಕಿ ಕೊಳ್ಳಬೇಕಾದ ವಸ್ತು ನನ್ನ ಪ್ರಕಾರ ಇದೊಂದೇ.

ನಮ್ಮೂರಿನಲ್ಲಿ ಮದುವೆ, ಮುಂಜಿ, ತಿಥಿಗೆ ಬೇಕಾದ ಪಾತ್ರೆಯೆಲ್ಲ ದೇವಸ್ಥಾನದ ಪಕ್ಕದ ಕೋಣೆಯಲ್ಲಿ ಇರುತ್ತಿತ್ತು. ಊರೊಟ್ಟಿನ ಪಾತ್ರೆ. ಕೊಪ್ಪರಿಗೆ, ಕಡಾಯಿ, ಸೌಟು, ಜಾಲರಿ, ಲೋಟ. ಕೊಡುವಾಗ ಇಬ್ಬರ ಎದುರು ಎಣಿಕೆ, ತರುವಾಗಲೂ ಇಬ್ಬರ ಎದುರು ಎಣಿಕೆ. ಸೌಟು ಕಳೆದರೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಸೌಟು ಹೋದರೆ ಸೌಟೇ ತರಬೇಕು. ಈ ನಿಯಮ ಎಷ್ಟು ಜಾಣತನದ್ದು ಎಂಬುದು ನನಗೆ ಈಗ ಅರ್ಥವಾಗುತ್ತಿದೆ. ದುಡ್ಡು ತೆಗೆದುಕೊಂಡರೆ ಅದು ಬೇರೆ ಖರ್ಚಿಗೆ ಹೋಗುತ್ತದೆ. ಮುಂದಿನ ಮದುವೆಗೆ ಸೌಟು ಇರುವುದಿಲ್ಲ.

ಇಲ್ಲಿ ಗಣೇಶನ ಹಬ್ಬದ ಊಟಕ್ಕೆ ಎಂಬತ್ತು ತೊಂಬತ್ತು ಜನ ಸೇರುತ್ತೇವೆ. ಮುಂಚೆ ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು, ದೇಶದಲ್ಲಿ 2022ರ ಜುಲೈ 1ರಿಂದ. ಆದರೂ ಅಂಗಡಿಯಲ್ಲಿ ಸಿಗುತ್ತಿತ್ತು, ನಾವೂ ತರುತ್ತಿದ್ದೆವು. ಮಾರನೇ ದಿನ ಕಸದ ಗಾಡಿಯವರು ನಮ್ಮನ್ನು ನೋಡುವ ನೋಟ ಬೇರೆ. ಕೊನೆಗೆ ಮನೆಗೆ ನಾನೂರು ರೂಪಾಯಿ ಹಾಕಿದೆವು. 9,600 ಆಯಿತು. ನೂರು ಸ್ಟೀಲ್ ತಟ್ಟೆ, ನೂರು ಲೋಟ ಬಂದವು. ಪಾತ್ರೆ ಅಂಗಡಿಯಲ್ಲೇ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುವ ಮೆಷಿನ್ ಇರುತ್ತದಲ್ಲ, ಅದರಲ್ಲಿ ಕಟ್ಟಡದ ಹೆಸರಿನ ಮೊದಲ ಎರಡು ಅಕ್ಷರ ಹಾಕಿಸಿದೆವು. ತಟ್ಟೆಯ ಹಿಂಭಾಗಕ್ಕೆ ಹಾಕಿಸಿ. ಮುಂಭಾಗಕ್ಕೆ ಹಾಕಿಸಿದರೆ ಸಾರು ಮುಗಿಯುವಾಗ ಅಕ್ಷರ ಕಾಣಿಸುತ್ತದೆ, ಏನೋ ಒಂಥರಾ.

ಇಪ್ಪತ್ತೈದರ ಕಟ್ಟು ಮಾಡಿ ಹಳೇ ಪಂಚೆಯಲ್ಲಿ ಗಂಟು ಹಾಕಿಡಿ. ಆಗ ಎಣಿಕೆ ಒಂದು ನಿಮಿಷದ ಕೆಲಸ. ತೊಳೆಯುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಮೂರು ಟಬ್ ಇಡಿ. ಒಂದರಲ್ಲಿ ಎಂಜಲು ತೆಗೆಯುವ ನೀರು, ಒಂದರಲ್ಲಿ ಸೋಪು, ಒಂದರಲ್ಲಿ ಬರೀ ನೀರು. ಅವರವರ ತಟ್ಟೆ ಅವರವರೇ ತೊಳೆದರೆ ಯಾರ ಬೆನ್ನೂ ನೋಯುವುದಿಲ್ಲ. ಗಂಡಸರು ಎದ್ದು ಹೋಗದಂತೆ ನೋಡಿಕೊಳ್ಳುವುದೇ ಇಲ್ಲಿ ಕಷ್ಟದ ಭಾಗ. ನಮ್ಮಲ್ಲಿ ಟಬ್‌ಗಳನ್ನು ಗೇಟಿನ ದಾರಿಯಲ್ಲೇ ಇಟ್ಟೆವು, ತಪ್ಪಿಸಿಕೊಳ್ಳಲು ಬೇರೆ ದಾರಿಯಿಲ್ಲ.

ಬೆಂಗಳೂರಿನಲ್ಲಿ ಇದ್ದು ಇಷ್ಟೂ ತಾಪತ್ರಯ ಬೇಡ ಅನಿಸಿದರೆ ಅದಮ್ಯ ಚೇತನ ಸಂಸ್ಥೆ ಪ್ಲೇಟ್ ಬ್ಯಾಂಕ್ ನಡೆಸುತ್ತದೆ. ಸಮಾರಂಭಕ್ಕೆ ಸ್ಟೀಲ್ ತಟ್ಟೆ, ಲೋಟ, ಚಮಚ ಅಲ್ಲಿಂದ ತರಬಹುದು. ಮುಂಚಿತವಾಗಿ ಕೇಳಿಕೊಳ್ಳಿ.

ಹೆಜ್ಜೆ 6: ಪಟ್ಟಿಗೆ ಸೇರಿಸಬಾರದ್ದು

ಗಾಡಿ ಬೇಡ. ‘ಇಲ್ಲೇ ಅಂಗಡಿಗೆ ಹೋಗಿ ಬರ್ತೀನಿ ಆಂಟಿ’ ಎಂದು ಪಕ್ಕದ ಮನೆ ಹುಡುಗ ಸ್ಕೂಟರ್ ಕೇಳುತ್ತಾನೆ. ಅವನಿಗೆ ಹದಿನೆಂಟು ತುಂಬಿರದಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಪೋಷಕರೋ ಗಾಡಿಯ ಮಾಲೀಕರೋ 25,000 ರೂಪಾಯಿ ದಂಡದ ಜೊತೆಗೆ ಮೂರು ವರ್ಷದವರೆಗೆ ಜೈಲು ಎದುರಿಸಬೇಕಾಗಬಹುದು. ಖಾರವಾಗಿಯೇ ಇಲ್ಲ ಅನ್ನಿ.

ಔಷಧಿ ಬೇಡ. ಉಳಿದ ಮಾತ್ರೆ ಹಂಚುವುದು ಉಪಕಾರ ಅಲ್ಲ. ಒಡವೆ ಬೇಡ, ಕಾರಣ ಹೇಳಬೇಕಿಲ್ಲ. ಕುಕ್ಕರ್ ಕೂಡ ಬೇಡ ಅನ್ನುತ್ತೇನೆ. ವೆಯ್ಟ್ ಒಂದು ಮನೆಯಲ್ಲಿ, ಗ್ಯಾಸ್ಕೆಟ್ ಇನ್ನೊಂದು ಮನೆಯಲ್ಲಿ ಉಳಿದು ಮೂರನೇ ಮನೆಯಲ್ಲಿ ಸಿಡಿಯುವುದು ಬೇಡ.

ದುಡ್ಡಂತೂ ಬೇಡವೇ ಬೇಡ. ಕೈಗಡ ಕೊಡುವುದು ತಪ್ಪು ಅಂತಲ್ಲ. ಅದು ಇಬ್ಬರ ನಡುವಿನ ವಿಷಯ, ಗುಂಪಿನದ್ದಲ್ಲ. ಗುಂಪಾಗಿ ಸಾಲ ಕೊಡುವುದಕ್ಕೆ ನಮ್ಮಲ್ಲಿ ಬೇರೆಯೇ ದಾರಿ ಇದೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರ ಸಂಘ ಕಟ್ಟಿದ್ದು ಅದಕ್ಕಾಗಿಯೇ. ನಿಯಮ, ಲೆಕ್ಕ, ಸಭೆ ಎಲ್ಲ ಇಟ್ಟುಕೊಂಡು ಕಟ್ಟಿದರು. ಅಷ್ಟು ಮಾಡುವ ಮನಸ್ಸಿದ್ದರೆ ಮಾತ್ರ ಆ ಕಡೆ ಹೋಗಿ.

ವಾಕರ್, ವೀಲ್ ಚೇರ್, ಕಮೋಡ್ ಕುರ್ಚಿ ಮಾತ್ರ ಧಾರಾಳವಾಗಿ ಕೊಡಿ. ಬಿದ್ದು ಸೊಂಟ ಮುರಿದುಕೊಂಡವರಿಗೆ ಇವು ಬೇಕಾಗುವುದು ಸಾಮಾನ್ಯವಾಗಿ ಕೆಲವು ತಿಂಗಳು. ಬೇಕು ಅನ್ನುವುದು ಗೊತ್ತಾಗುವುದು ಆಸ್ಪತ್ರೆಯಿಂದ ಮನೆಗೆ ಬಂದ ರಾತ್ರಿಯೇ, ಆ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಕೊಡುವ ಮುಂಚೆ ಸೋಪು ನೀರಲ್ಲಿ ತೊಳೆದು ಬಿಸಿಲಿಗೆ ಇಡಿ. ವಾಕರಿನ ಕಾಲಿನ ರಬ್ಬರ್ ಬುಷ್ ಸವೆದಿದ್ದರೆ ಹೊಸದು ಹಾಕಿಸಿ, ಇಲ್ಲವಾದರೆ ಟೈಲ್ಸ್ ಮೇಲೆ ಜಾರುತ್ತದೆ. ಇವಕ್ಕೆ ವಾಪಸಿನ ತಾರೀಖು ಹಾಕಬೇಡಿ.

ವಾಪಸ್ ಬರದಿದ್ದರೆ

ಬರುವುದಿಲ್ಲ, ಕೆಲವು ಸಲ. ಬಹಳಷ್ಟು ಸಲ ಅದು ಮರೆವು. ‘ಕೊಡಿ’ ಎಂದು ಕೇಳುವ ಬದಲು ‘103ರವರು ನಾಳೆ ಏಣಿ ಕೇಳಿದ್ದಾರೆ, ಅವರು ನಿಮ್ಮ ಮನೆಯಿಂದಲೇ ತಗೊಳ್ಳಲಾ?’ ಎಂದು ಕೇಳಿ. ಇಬ್ಬರ ಮುಖವೂ ಉಳಿಯುತ್ತದೆ. ಸಕ್ಕರೆ ಅಚ್ಚು ಓಡಾಡುವುದೂ ಹೀಗೆ ತಾನೇ? ಮುಂದೆ ಕಾಯುವವರು ಒಬ್ಬರಿದ್ದರೆ ವಸ್ತು ತಾನಾಗಿ ಹೊರಡುತ್ತದೆ.

ಮೂರು ಸಲವೂ ವಾಪಸ್ ತರದವರಿಗೆ ಕೊಡುವುದು ನಿಲ್ಲಿಸಿ. ಗುಂಪಿನಲ್ಲಿ ಹೆಸರು ಹಾಕಬೇಡಿ. ನಾವು ಒಮ್ಮೆ ಹಾಕಿದೆವು. ಒಂದು ಜಮಖಾನದ ಸಲುವಾಗಿ ಎರಡು ಮನೆಯವರು ಗಣೇಶನ ಊಟಕ್ಕೇ ಬರಲಿಲ್ಲ. ಜಮಖಾನದ ಬೆಲೆ ಅಷ್ಟಿರಲಿಲ್ಲ.

ಮನೆ ಬಿಟ್ಟು ಹೋಗುವಾಗ

ಬಾಡಿಗೆ ಮನೆಗಳಿರುವ ಕಡೆ ಇದು ಮುಖ್ಯ. ಪ್ಯಾಕರ್ಸ್ ಲಾರಿ ಬರುವ ಹಿಂದಿನ ದಿನ ನೋಟ್‌ಬುಕ್ ತೆಗೆದು ಆ ಮನೆಯ ಸಾಲುಗಳನ್ನು ನೋಡಿ. ಅವರಿಂದ ಬರಬೇಕಾದದ್ದು, ಅವರಿಗೆ ಕೊಡಬೇಕಾದದ್ದು ಎರಡನ್ನೂ ನೋಡಿ. ಎರಡನೆಯದೇ ಹೆಚ್ಚು ಮರೆತು ಹೋಗುವುದು.

ಹೊಸ ಮನೆಯಲ್ಲಿ ಜಾಗ ಇರುವುದಿಲ್ಲ ಎಂದು ಕೆಲವರು ಏನಾದರೂ ಬಿಟ್ಟು ಹೋಗುತ್ತಾರೆ. ಉಪಯೋಗಕ್ಕೆ ಬರುವಂತಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಬೇಡ ಅನ್ನಿ. ನಮ್ಮ ಹತ್ತಡಿಯ ಅಲ್ಯೂಮಿನಿಯಂ ಏಣಿ ಹೀಗೆ ಬಂದದ್ದು. 401ರಲ್ಲಿದ್ದವರು ಹುಬ್ಬಳ್ಳಿಗೆ ವರ್ಗವಾದಾಗ ಲಾರಿಗೆ ಏರಿಸಿದ್ದನ್ನೇ ಮತ್ತೆ ಇಳಿಸಿ ಕೊಟ್ಟು ಹೋದರು. ಈಗ ಅದು ಪಾರ್ಕಿಂಗ್ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿದೆ. 401ಕ್ಕೆ ಆಮೇಲೆ ಎರಡು ಸಂಸಾರ ಬಂದು ಹೋದವು. ನೋಟ್‌ಬುಕ್ಕಿನಲ್ಲಿ ಮಾತ್ರ ಇವತ್ತಿಗೂ ‘ಹುಬ್ಬಳ್ಳಿ ಏಣಿ’ ಎಂದೇ ಬರೆಯುತ್ತೇವೆ.